ಅಟ್ಟದಿಂದ ಇಳಿಸಿದ ಸ್ಟೀಲ್ ಗಿಟಾರ್: ಎಷ್ಟು ರಿಪೇರಿ ಮಾಡಬೇಕು, ಎಲ್ಲಿ ಕೈ ನಿಲ್ಲಿಸಬೇಕು?

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ತೋಟದ ಅಂಚಿಗಿದೆ. ಎರಡು ವರ್ಷದ ಹಿಂದೆ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವಾಗ ಅಟ್ಟದ ಮೂಲೆಯಲ್ಲಿ ಸಣ್ಣಜ್ಜನ ಸ್ಟೀಲ್ ಗಿಟಾರ್, ಅಂದರೆ ತೊಡೆ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್, ಸಿಕ್ಕಿತು. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಆರು ತಂತಿಯಲ್ಲಿ ಎರಡು ಮಾತ್ರ ಉಳಿದಿದ್ದವು. ಮುಂಭಾಗದ ಹಲಗೆಯಲ್ಲಿ, ತಂತಿಗಳ ಕೆಳತುದಿ ಕೂರುವ ಪಟ್ಟಿಯಾದ ಬ್ರಿಜ್‌ನಿಂದ ಕೆಳಗಿನ ಅಂಚಿನವರೆಗೆ ಒಂದು ಸೀಳು. ಅಡಿಗೆಮನೆಯ ಹೊಗೆ ಕೂತು ಮೈಯೆಲ್ಲ ಕಪ್ಪು ಕಂದು.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಉಜ್ಜಿಸಿ ಪಾಲಿಶ್ ಹೊಡೆಸು, ಹೊಸದರ ಹಾಗೆ ಆಗುತ್ತೆ." ನಾನು ಹಾಗೆ ಮಾಡಲಿಲ್ಲ. ಯಾಕೆಂದರೆ ಹತ್ತು ವರ್ಷದ ಹಿಂದೆ ಬೇರೆ ಒಂದು ಹಳೆ ಗಿಟಾರನ್ನು ಹೀಗೇ ಒಂದು ಅಂಗಡಿಗೆ ಕೊಟ್ಟು ಕಳೆದುಕೊಂಡಿದ್ದೆ. ಅವರು ಹಳೆ ಪಾಲಿಶ್ ಪೂರ್ತಿ ಕೆರೆದು, ಫಳಫಳ ಹೊಳೆಯುವ ದಪ್ಪ ಪಾಲಿಯುರಿಥೇನ್ ಹೊಡೆದು ಕೊಟ್ಟರು. ಬಿರಡೆಗಳ ಹತ್ತಿರ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ, ಅಂದರೆ ಎತ್ತರಿಸಿದ್ದ ನಟ್, ಅದನ್ನೂ ತೆಗೆದು ಎಸೆದಿದ್ದರು. ನೋಡಲು ಚೆಂದ ಇತ್ತು. ಮೀಟಿದರೆ ಸ್ವರ ಎದ್ದ ಕೂಡಲೇ ಸತ್ತುಹೋಗುತ್ತಿತ್ತು. ಮೊದಲು ಅದೇ ಗಿಟಾರಿನಲ್ಲಿ ಒಂದು ಮೀಟಿಗೆ ಸ್ವರ ಎಷ್ಟು ಹೊತ್ತು ನಿಲ್ಲುತ್ತಿತ್ತು ಅಂತ ನನ್ನ ಕಿವಿಗೆ ಗೊತ್ತಿತ್ತು. ಅದು ಇವತ್ತಿಗೂ ಬೇಜಾರು.

ಹಾಗಾಗಿ ಈ ಸಲ ಒಂದು ವರ್ಷ ತೆಗೆದುಕೊಂಡೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ನಿರ್ಧಾರ ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಇದು ನಮ್ಮ ಅಟ್ಟಕ್ಕೆ ಬಂದದ್ದು ಹೇಗೆ

ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ನುಡಿಸುವ ಈ ಪದ್ಧತಿ ಹವಾಯಿ ದ್ವೀಪಗಳದ್ದು. 19ನೇ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ಇದನ್ನು ರೂಢಿಗೆ ತಂದ ಅಂತ ಹೇಳುತ್ತಾರೆ. ಸ್ಟೀಲ್ ಗಿಟಾರ್ ವಾದಕ ಟೌ ಮೋ ಮತ್ತು ಅವರ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸುತ್ತಿದ್ದರು, ಕಲಿಸುತ್ತಿದ್ದರು. ಆಮೇಲೆ ಸಿನಿಮಾ ಹಾಡುಗಳಿಗೆ ಈ ವಾದ್ಯ ಹಿಡಿಸಿತು. ಬೃಜ್‌ಭೂಷಣ್ ಕಾಬ್ರಾ ಇದರಲ್ಲಿ ರಾಗವನ್ನೇ ನುಡಿಸಿದರು. ನಮ್ಮ ಕಡೆ ಇದಕ್ಕೆ 'ಹವಾಯಿಯನ್ ಗಿಟಾರ್' ಅನ್ನುವ ಹೆಸರೇ ಜಾಸ್ತಿ. ಸಣ್ಣಜ್ಜ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡು, ಊರಿಗೆ ಬರುವಾಗ ತಂದಿದ್ದು.

ಮೊದಲ ವಾರ: ಏನೂ ಮಾಡಬೇಡಿ

ಅಟ್ಟದಿಂದ ಇಳಿಸಿದ ಕೂಡಲೇ ನಮಗೆ ಕೈ ಹೋಗುವುದು ಬಿಸಿಲಿಗೆ. ಹಪ್ಪಳ, ಅಡಿಕೆ, ಹಾಸಿಗೆ ಎಲ್ಲ ಅಂಗಳಕ್ಕೆ ಹಾಕುವವರು ನಾವು. ಗಿಟಾರನ್ನು ಮಾತ್ರ ಬಿಸಿಲಿಗೆ ಇಡಬೇಡಿ. ತೇವ ಕುಡಿದ ತೆಳು ಹಲಗೆ ಒಮ್ಮೆಲೇ ಒಣಗಿದರೆ ಸೀಳುತ್ತದೆ, ಅಂಟು ಬಿಡುತ್ತದೆ. ಗಾಳಿ ಆಡುವ ನೆರಳಿನ ಕೋಣೆಯಲ್ಲಿ, ಹೊರಗೋಡೆಗೆ ತಾಗದ ಹಾಗೆ ಇಡಿ.

ಹಳೆ ತಂತಿ ಬಿಗಿಯಾಗಿದ್ದರೆ ಎಲ್ಲವನ್ನೂ ಸ್ವಲ್ಪಸ್ವಲ್ಪವೇ ಸಡಿಲ ಮಾಡಿ. ಒಂದೇ ತಂತಿಯನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗಬೇಡಿ. ಆಮೇಲೆ ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಬಿರಡೆ, ನಟ್, ಬ್ರಿಜ್, ರಂಧ್ರದೊಳಗಿನ ಚೀಟಿ. ಮೊಬೈಲನ್ನೇ ರಂಧ್ರದ ಬಾಯಿಗೆ ಹಿಡಿದು ಒಳಗಿನ ಫೋಟೋ ತೆಗೆಯಬಹುದು. ಉದುರಿದ ಒಂದು ಸ್ಕ್ರೂ, ಪ್ಲಾಸ್ಟಿಕ್ ಚೂರು ಸಿಕ್ಕಿದರೂ ಒಂದು ಡಬ್ಬಿಗೆ ಹಾಕಿಡಿ.

ಕೈಯಲ್ಲಿರುವುದು ಯಾವುದು ಅಂತ ತಿಳಿಯಿರಿ

ಮೂರು ಬಗೆ ಸಿಗಬಹುದು. ಒಂದು, ಮರದ ಟೊಳ್ಳು ಡಬ್ಬಿಯದು. ಎರಡು, ಒಳಗೆ ತೆಳು ಅಲ್ಯೂಮಿನಿಯಂ ಬಟ್ಟಲು ಇರುವ ರೆಸೊನೇಟರ್. ನ್ಯಾಷನಲ್ ಕಂಪನಿ 1927ರಲ್ಲಿ, ಡೋಬ್ರೋ 1928ರಲ್ಲಿ ಶುರು ಮಾಡಿದವು ಇವು. ಮೂರು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಇರುವ ಗಟ್ಟಿ ಮೈಯದು. ಇದರ ಮೂಲ ರಿಕನ್‌ಬ್ಯಾಕರ್‌ನ 'ಫ್ರೈಯಿಂಗ್ ಪ್ಯಾನ್'. 1930ರ ದಶಕದ ಆರಂಭದಲ್ಲಿ ಬಂದದ್ದು. ನೋಡಲು ಉದ್ದ ಹಿಡಿಯ ಬಾಣಲೆಯ ಹಾಗೇ ಇದೆ.

ನಿಮ್ಮದರ ಮೇಲೆ ನ್ಯಾಷನಲ್, ಡೋಬ್ರೋ, ರಿಕನ್‌ಬ್ಯಾಕರ್, ಗಿಬ್ಸನ್ ಅಂತ ಹೆಸರಿದ್ದು, 1950ಕ್ಕಿಂತ ಹಳೆಯದು ಅನಿಸಿದರೆ ಇಲ್ಲಿಗೇ ನಿಲ್ಲಿಸಿ. ಹಳೆ ವಾದ್ಯ ಬಲ್ಲವರಿಗೆ ತೋರಿಸುವವರೆಗೆ ಧೂಳು ಒರೆಸುವುದು ಬಿಟ್ಟು ಬೇರೇನೂ ಬೇಡ. ಅಂಥವುಗಳಿಗೆ ಬಣ್ಣ ಹೊಸದಾಗಿ ಹೊಡೆದರೆ ಬೆಲೆ ಅರ್ಧಕ್ಕೆ ಇಳಿಯುವುದು ಮಾಮೂಲು.

ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಮೊದಲನೇ ಬಗೆ. ಅದರಲ್ಲೂ ಮುಂಭಾಗ ಗಟ್ಟಿ ಹಲಗೆಯೋ ಪ್ಲೈವುಡ್ಡೋ ನೋಡಬೇಕು. ರಂಧ್ರದ ಅಂಚನ್ನು ಟಾರ್ಚ್ ಹಾಕಿ ನೋಡಿ. ಮೇಲಿನ ಗೆರೆಗಳೇ ಅಂಚಿನಲ್ಲೂ ಕೆಳಗಿನವರೆಗೆ ಇಳಿದಿದ್ದರೆ ಗಟ್ಟಿ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈವುಡ್. ಪ್ಲೈವುಡ್ ಆದರೆ ಸೀಳಿನ ಚಿಂತೆ ಕಡಿಮೆ, ಪದರ ಬಿಡುವ ಚಿಂತೆ ಜಾಸ್ತಿ.

ಸ್ಟೀಲ್ ಗಿಟಾರಿಗೆ ಬೇಡವೇ ಬೇಡದ ರಿಪೇರಿಗಳು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಅರ್ಧ ಹಾಳಾಗುವುದು ಇಲ್ಲೇ.

ಮಾಮೂಲಿ ಗಿಟಾರಿನಲ್ಲಿ ಬೆರಳು ತಂತಿಯನ್ನು ಫ್ರೆಟ್ಟಿಗೆ, ಅಂದರೆ ಹಿಡಿಯ ಮೇಲಿನ ಅಡ್ಡ ಲೋಹದ ಪಟ್ಟಿಗೆ, ಒತ್ತುತ್ತದೆ. ಹಾಗಾಗಿ ಫ್ರೆಟ್ ಸವೆದರೆ ಬದಲಿಸಬೇಕು, ಆ ಉದ್ದ ಹಿಡಿ, ಅಂದರೆ ನೆಕ್, ಬಾಗಿದರೆ ನೆಟ್ಟಗೆ ಮಾಡಬೇಕು, ತಂತಿ ಎತ್ತರವಾದರೆ ತಗ್ಗಿಸಬೇಕು. ಸ್ಟೀಲ್ ಗಿಟಾರಿನಲ್ಲಿ ತಂತಿ ಫ್ರೆಟ್ಟನ್ನು ಮುಟ್ಟುವುದೇ ಇಲ್ಲ. ಉಕ್ಕಿನ ತುಂಡು ತಂತಿಯ ಮೇಲೆ ತೇಲುತ್ತದೆ. ಫ್ರೆಟ್ ಇಲ್ಲಿ ಸ್ವರದ ಜಾಗ ತೋರಿಸುವ ಗೆರೆ ಮಾತ್ರ. ಎಷ್ಟೋ ಸ್ಟೀಲ್ ಗಿಟಾರುಗಳಲ್ಲಿ ಅದು ಬರೀ ಬಣ್ಣದ ಗೆರೆ.

ತಂತಿ ಫ್ರೆಟ್ ಹಲಗೆಯಿಂದ 8ರಿಂದ 10 ಮಿ.ಮೀ. ಮೇಲಿದ್ದರೆ ಅದು ತಪ್ಪಲ್ಲ, ಅದು ಇರಬೇಕಾದದ್ದೇ ಹಾಗೆ. ಮಾಮೂಲಿ ಗಿಟಾರ್ ಮಾತ್ರ ನೋಡಿದ ರಿಪೇರಿಯವರು ಇದನ್ನು ಕಂಡ ಕೂಡಲೇ "ತಂತಿ ಮೇಲೆದ್ದಿದೆ, ತಗ್ಗಿಸ್ತೀನಿ" ಅನ್ನುತ್ತಾರೆ. ತಗ್ಗಿಸಿದರೆ ಉಕ್ಕು ಫ್ರೆಟ್ಟಿಗೆ ಬಡಿದು ಟಕ ಟಕ ಅನ್ನುತ್ತದೆ. ನಟ್ ಮೇಲೆ ಒಂದು ಲೋಹದ ಟೋಪಿಯ ಹಾಗಿನ ತುಂಡು ಕೂತಿರಬಹುದು. ಮಾಮೂಲಿ ಗಿಟಾರನ್ನು ಹವಾಯಿಯನ್ ಮಾಡಲು ಹಾಕುವ ಎತ್ತರಿಸುವ ನಟ್ ಅದು. ನನ್ನ ಮೊದಲ ಗಿಟಾರಿನಲ್ಲಿ ಎಸೆದದ್ದು ಅದನ್ನೇ.

ಹಾಗಾಗಿ ಫ್ರೆಟ್ ತಿಕ್ಕುವುದು ಬೇಡ, ಫ್ರೆಟ್ ಬದಲಿಸುವುದು ಬೇಡ, ಸ್ವಲ್ಪ ಬಾಗಿದ ನೆಕ್ಕಿಗೆ ಆಪರೇಷನ್ ಬೇಡ. ನೆಕ್ ಬುಡದಲ್ಲಿ ಬಾಯಿ ಬಿಟ್ಟು ಅಲುಗಾಡುತ್ತಿದ್ದರೆ ಮಾತ್ರ ಅದು ನಿಜವಾದ ರಿಪೇರಿ.

ನಟ್ ಮತ್ತು ಬ್ರಿಜ್ ಮೇಲೆ ಆರೂ ತಂತಿ ಒಂದೇ ಮಟ್ಟದಲ್ಲಿರಬೇಕು. ಇದು ಮುಖ್ಯ. ಸ್ಟೀಲ್ ಸ್ಕೇಲನ್ನು ತಂತಿಗಳ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಒಂದು ತಂತಿ ತಗ್ಗಿದ್ದರೂ ಉಕ್ಕು ಅದನ್ನು ಮುಟ್ಟದೆ ಸ್ವರ ಝರ್ ಅನ್ನುತ್ತದೆ.

ಬಡಿದು, ಮೂಸಿ, ಇಣುಕಿ ನೋಡುವುದು

ಬೆರಳ ಗೆಣ್ಣಿನಿಂದ ಮುಂಭಾಗ, ಹಿಂಭಾಗವನ್ನು ಅಂಗುಲ ಅಂಗುಲವಾಗಿ ಮೆಲ್ಲಗೆ ಬಡಿಯಿರಿ. ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಹಾಗೆ. ತುಂಬಿದ ಸದ್ದು ಬಂದರೆ ಸರಿ. ಒಡಕಲು ಸದ್ದು ಬಂದ ಕಡೆ ಒಳಗಿನ ಅಡ್ಡಪಟ್ಟಿ ಅಂಟು ಬಿಟ್ಟಿದೆ. ಅಲ್ಲಿಗೆ ಪೆನ್ಸಿಲ್ ಗುರುತು ಬೇಡ, ಕಾಗದದಲ್ಲಿ ಚಿತ್ರ ಬರೆದು ಗುರುತಿಸಿ.

ಬ್ರಿಜ್ ಅಂಟಿಸಿದ ಬಗೆಯದಾದರೆ ಅದರ ಹಿಂದಿನ ಅಂಚಿಗೆ ಒಂದು ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದಷ್ಟು ಜಾಗ ಅಂಟು ಬಿಟ್ಟಿದೆ ಅಂತ ಅರ್ಥ.

ಆಮೇಲೆ ಹುಳ. ಸೂಜಿಮೊನೆಯಷ್ಟು ತೂತುಗಳಿದ್ದರೆ ಗಿಟಾರಿನ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಅಲುಗಾಡಿಸದೆ ಬಿಡಿ. ಮೈದಾದಂಥ ಹಿಟ್ಟು ಬಿದ್ದರೆ ಕೊರೆಹುಳ ಒಳಗೇ ಇದೆ. ಮರಕ್ಕೆ ಹಾಕುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತಿನೊಳಗೆ ಮಾತ್ರ ಬಿಡಬೇಕು, ಪಾಲಿಶ್ ಮೇಲೆ ಸುರಿಯಬಾರದು. ಹಿಟ್ಟು ಬೀಳದಿದ್ದರೆ ಅದು ಹೆಚ್ಚಾಗಿ ಹಳೆ ಗಾಯ, ಮುಟ್ಟುವುದು ಬೇಡ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅಂಚಿನ ಬಿಳಿ ಪಟ್ಟಿ, ಬಿರಡೆಯ ಗುಂಡಿ ಸೆಲ್ಯುಲಾಯ್ಡ್‌ನದೋ ಅಂತ ತಿಳಿಯಬೇಕಾದರೆ ಬಟ್ಟೆಯಿಂದ ಬಿರುಸಾಗಿ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ಮಾಡುವುದೇ ಕರ್ಪೂರ ಸೇರಿಸಿ. ಸಣ್ಣಜ್ಜನ ಗಿಟಾರಿನ ಅಂಚು ಉಜ್ಜಿದಾಗ ದೇವರ ಮನೆಯ ವಾಸನೆ ಬಂದಿತ್ತು. ಈ ವಸ್ತು ಹಳತಾದರೆ ಕೆಲವೊಮ್ಮೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಆಗ ಅದರಿಂದ ಹೊರಡುವ ಆಮ್ಲದ ಆವಿ ಹತ್ತಿರದ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಪುಡಿಯಾಗುತ್ತಿದ್ದರೆ ತೆಗೆದು ಬೇರೆ ಇಡುವುದೇ ಸರಿ. ಇದಕ್ಕೆ ಬೆಂಕಿ ಬಲು ಬೇಗ ಹತ್ತುತ್ತದೆ, ದೀಪದ ಹತ್ತಿರ ಇಡಬೇಡಿ.

ಒಂದು ಮಳೆಗಾಲ ಕಾಯಿರಿ

ಈ ಮಾತು ನನಗೆ ಹೇಳಿಕೊಟ್ಟವರು ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಆಚಾರ್ರು. ಅವರು ಗಿಟಾರ್ ರಿಪೇರಿ ಮಾಡಿದವರಲ್ಲ. ಮಾರ್ಚ್ ತಿಂಗಳಲ್ಲಿ ಸೀಳು ತೋರಿಸಿ, ಇದನ್ನು ತುಂಬಿಸಿ ಕೊಡಿ ಅಂದೆ. ಅವರು ಉಗುರು ಆಡಿಸಿ ನೋಡಿ ಹೇಳಿದರು: "ಈಗ ತುಂಬ್ಸದು ಬ್ಯಾಡ. ನಿಮ್ಮನೆ ಬಾಗ್ಲು ಮಳೆಗಾಲ್ದಲ್ಲಿ ಬಿಗಿಯಾಗಲ್ವಾ? ಇದೂ ಹಂಗೇ. ಒಂದು ಮಳೆ ಹೋಗ್ಲಿ, ಆಮೇಲೆ ನೋಡನ."

ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗೋಡೆಯೇ ಬೆವರುವ ಆ ದಿನಗಳಲ್ಲಿ ಗಿಟಾರಿನ ಹಲಗೆ ನೀರು ಕುಡಿದು ಅಗಲವಾಗುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಸೀಳಿಗೆ ಗಟ್ಟಿ ಪುಟ್ಟಿ ತುಂಬಿದ್ದರೆ, ಮಳೆಗಾಲದಲ್ಲಿ ಹಿಗ್ಗಲು ಜಾಗ ಇಲ್ಲದೆ ಹಲಗೆ ಉಬ್ಬುತ್ತದೆ, ಇಲ್ಲವೇ ಪಕ್ಕದಲ್ಲಿ ಹೊಸ ಸೀಳು ಬೀಳುತ್ತದೆ.

ಅಳೆಯುವುದು ಸುಲಭ. ಮಾಮೂಲಿ ಝೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಸೀಳಿನ ಅತಿ ಅಗಲದ ಜಾಗದಲ್ಲಿ ಎಷ್ಟು ಪಟ್ಟಿ ಒಟ್ಟಿಗೆ ತೂರುತ್ತವೆ ನೋಡಿ, ತಾರೀಖು ಹಾಕಿ ಬರೆದಿಡಿ. ಒತ್ತಿ ತೂರಿಸಬೇಡಿ. ನನ್ನ ಪುಸ್ತಕದಲ್ಲಿ ಹೀಗಿದೆ: ಮಾರ್ಚ್‌ನಲ್ಲಿ 4 ಹಾಳೆ. ಜೂನ್ ಕೊನೆಗೆ 2. ಆಗಸ್ಟ್‌ನಲ್ಲಿ ಒಂದೂ ಹೋಗಲಿಲ್ಲ, ಸೀಳು ಎಲ್ಲಿದೆ ಅಂತ ಹುಡುಕಬೇಕಾಯಿತು. ದೀಪಾವಳಿ ಹೊತ್ತಿಗೆ 1 ಹಾಳೆ.

ಈ ನಾಲ್ಕು ಸಾಲು ನಿರ್ಧಾರವನ್ನು ತಾನೇ ಮಾಡಿಕೊಟ್ಟಿತು. ಮಳೆಯಲ್ಲಿ ಪೂರ್ತಿ ಮುಚ್ಚುವ ಸೀಳಿಗೆ ಹೊಸ ಮರ ಬೇಕಿಲ್ಲ. ಮಳೆ ನಿಂತು, ಹವೆ ಹದಕ್ಕೆ ಬಂದಾಗ, ಅಂದರೆ ಕೋಣೆಯ ತೇವಾಂಶ ಶೇಕಡಾ 55-60ರ ಸುಮಾರಿಗೆ ಇರುವಾಗ ಅಂಟಿಸಿದರೆ ಸಾಕು. ಒಳಗಿನಿಂದ ಸೀಳಿಗೆ ಅಡ್ಡಲಾಗಿ, ಗೆರೆಗಳೂ ಅಡ್ಡ ಬರುವಂತೆ, ಬೆಂಕಿಪೊಟ್ಟಣದ ಕಡ್ಡಿಯಷ್ಟು ದಪ್ಪದ ಎರಡು ಮೂರು ಮರದ ತುಂಡು ಅಂಟಿಸಬೇಕು. ಜಡಿಮಳೆಯಲ್ಲೂ ಮುಚ್ಚದೆ ಉಳಿಯುವ ಸೀಳಾದರೆ ಹಲಗೆ ಕಾಯಂ ಆಗಿ ಕುಗ್ಗಿದೆ. ಅದಕ್ಕೆ ಮಾತ್ರ ಅದೇ ಜಾತಿಯ ಮರದ ತೆಳು ಪಟ್ಟಿ ಕೂರಿಸಬೇಕು. ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಂದು ಕೊಂಡುಕೊಳ್ಳಿ, ಖರ್ಚು ಹೆಚ್ಚಿಲ್ಲ.

ತಗ್ಗಿಸಿ ಶ್ರುತಿ ಮಾಡಿ ಕೇಳಿ

ಮೈ ಗಟ್ಟಿ ಇದೆ ಅನಿಸಿದರೆ, ಪೂರ್ತಿ ರಿಪೇರಿಗೆ ಮೊದಲೇ ಒಮ್ಮೆ ತಂತಿ ಹಾಕಿ ಕೇಳಬೇಕು. ಕೇಳದೆ ಎಷ್ಟು ರಿಪೇರಿ ಬೇಕು ಅಂತ ಹೇಗೆ ಗೊತ್ತಾಗುತ್ತದೆ, ಅಲ್ವಾ? ಬ್ರಿಜ್ ಎದ್ದಿದ್ದರೆ, ನೆಕ್ ಅಲುಗಾಡುತ್ತಿದ್ದರೆ ಮಾತ್ರ ಇದು ಬೇಡ.

ಪೂರ್ತಿ ಶ್ರುತಿಯಲ್ಲಿ ಆರು ಉಕ್ಕಿನ ತಂತಿ ಒಟ್ಟು ಸುಮಾರು 70 ಕಿಲೋ ಎಳೆತ ಹಾಕುತ್ತವೆ. ಒಂದೂವರೆ ಮೂಟೆ ಸಿಮೆಂಟ್ ನೇತುಹಾಕಿದ ಹಾಗೆ. ಅದಕ್ಕೆ ತೆಳು ತಂತಿಯ ಸೆಟ್ ಹಾಕಿ. ಸ್ಟೀಲ್ ಗಿಟಾರನ್ನು ಬರೀ ತಂತಿ ಮೀಟಿದರೇ ಒಂದು ಸ್ವರಮೇಳ ಬರುವ ಹಾಗೆ ಶ್ರುತಿ ಮಾಡುತ್ತಾರೆ, ಅದಕ್ಕೆ ಓಪನ್ ಶ್ರುತಿ ಅಂತ ಹೆಸರು. ಅದರಲ್ಲಿ ಓಪನ್ ಇ ಶ್ರುತಿಗೆ ಮೂರು ತಂತಿಗಳನ್ನು ಮಾಮೂಲಿ ಗಿಟಾರಿನ ಶ್ರುತಿಗಿಂತ ಮೇಲೆ ಏರಿಸಬೇಕು. ಹಳೆ ಗಿಟಾರಿಗೆ ಅದು ಬೇಡ. ಓಪನ್ ಡಿ, ಅಂದರೆ ದಪ್ಪ ತಂತಿಯಿಂದ ಶುರು ಮಾಡಿ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ, ಇದರಲ್ಲಿ ಒಂದು ತಂತಿಯೂ ಮೇಲೇರುವುದಿಲ್ಲ, ನಾಲ್ಕು ಕೆಳಗಿಳಿಯುತ್ತವೆ. ಮೊದಲ ದಿನ ಅದಕ್ಕಿಂತಲೂ ಎರಡು ಫ್ರೆಟ್ಟಿನಷ್ಟು ಶ್ರುತಿ ತಗ್ಗಿಸಿ ಬಿಡಿ. ಮಾರನೇ ದಿನ ಬ್ರಿಜ್ ಹಿಂದೆ ಹಲಗೆ ಉಬ್ಬಿದೆಯಾ ನೋಡಿ, ಆಮೇಲೆ ಏರಿಸಿ.

ಗೊತ್ತಿರುವ ಒಂದು ಹಾಡನ್ನು ನಿಧಾನವಾಗಿ ನುಡಿಸಿ. ಪ್ರತಿ ತಂತಿಯನ್ನೂ ಮೀಟಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಯಾವ ಕೆಲಸ ಮಾಡಿದರೂ ಇದರ ಜೊತೆ ಹೋಲಿಸಬಹುದು.

ಈಗ ನಿರ್ಧಾರ

ನಾನು ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದನ್ನು ಮುಂದೆ ಯಾರಾದರೂ ಬೇಡ ಅಂದರೆ ವಾಪಸ್ ತೆಗೆಯಲು ಬರುತ್ತದಾ? ಬರುತ್ತದೆ ಅಂದರೆ ಧೈರ್ಯವಾಗಿ ಮಾಡಬಹುದು. ಹೊಸ ಬಿರಡೆ ಹಳೆ ಸ್ಕ್ರೂ ತೂತಿಗೇ ಕೂರುತ್ತದಾ? ಹಾಕಿ, ಹಳೆಯದನ್ನು ಡಬ್ಬಿಗಿಡಿ. ಹೊಸ ತೂತು ಕೊರೆಯಬೇಕಾ? ಹಾಗಾದರೆ ಹಳೆ ಬಿರಡೆಗೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ವಾರ ಬಿಟ್ಟು ತಿರುಗಿಸಿ ನೋಡಿ. ನನ್ನವು ಆರರಲ್ಲಿ ಐದು ಹಾಗೇ ಬಿಟ್ಟುಕೊಂಡವು.

ಅಂಟಿನ ವಿಷಯದಲ್ಲೂ ಇದೇ. ಫೆವಿಕಾಲ್ ಒಳ್ಳೆಯದೇ, ಆದರೆ ಒಮ್ಮೆ ಹಿಡಿದರೆ ಮರದ ನಾರು ಕಿತ್ತುಕೊಂಡೇ ಬರುತ್ತದೆ. ಹಳೆ ಆಚಾರ್ರುಗಳು ಬಳಸುತ್ತಿದ್ದ ಮರವಜ್ರ, ಚರ್ಮ ಮೂಳೆ ಕುದಿಸಿ ಮಾಡುವ ಅಂಟು, ಬಿಸಿ ಮತ್ತು ನೀರಿಗೆ ಬಿಟ್ಟುಕೊಳ್ಳುತ್ತದೆ. ನಾಳೆ ಇನ್ನೊಬ್ಬರು ಬಿಚ್ಚಿ ಸರಿಮಾಡಬಹುದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿಯಲ್ಲಿ ಕಾಯಿಸಬೇಕು, ಕುದಿಸಿದರೆ ಶಕ್ತಿ ಹೋಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇದು ಸ್ವಲ್ಪ ಸೋಲುತ್ತದೆ ಅನ್ನುವುದೂ ನಿಜ. ಆದ್ದರಿಂದ ಗಿಟಾರನ್ನು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವವರಿಗೆ ಮಾತ್ರ ಮರವಜ್ರ ಹೇಳುತ್ತೇನೆ. ಫೆವಿಕ್ವಿಕ್ ಮಾತ್ರ ಯಾವ ಕಾರಣಕ್ಕೂ ಮುಟ್ಟಿಸಬೇಡಿ.

ಯಾರು ನುಡಿಸುತ್ತಾರೆ ಅನ್ನುವುದನ್ನೂ ನೋಡಬೇಕು. ಗೋಡೆಗೆ ನೇತುಹಾಕಲು ಆದರೆ ಹುಳ ನಿಲ್ಲಿಸಿ, ಧೂಳು ಒರೆಸಿ, ತಂತಿ ಸಡಿಲ ಇಟ್ಟರೆ ಮುಗಿಯಿತು. ದಿನಾ ನುಡಿಸುವ ಮಗಳೋ ಮೊಮ್ಮಗನೋ ಮನೆಯಲ್ಲಿದ್ದರೆ ಅಡ್ಡಪಟ್ಟಿ, ಬ್ರಿಜ್, ಬಿರಡೆ ಮೂರೂ ಗಟ್ಟಿಯಾಗಬೇಕು.

ಪಾಲಿಶ್: ಕೊನೆಗೆ, ಆದಷ್ಟು ಕಡಿಮೆ

ಮೊದಲು ಒಣ ಮೆತ್ತನೆ ಬಟ್ಟೆ. ಆಮೇಲೆ ಹಿಂಡಿ ತೆಗೆದ ಒದ್ದೆ ಹತ್ತಿ, ಅಂಗೈಯಗಲ ಜಾಗ ಒರೆಸಿ ಕೂಡಲೇ ಒಣ ಬಟ್ಟೆ. ಬರೀ ಇದರಲ್ಲೇ ಹೊಗೆಯ ಕಪ್ಪು ಬಹಳಷ್ಟು ಹೋಯಿತು. ಹತ್ತಿ ಉಂಡೆಗಳು ಒಂದಾದ ಮೇಲೊಂದು ಕಾಫಿ ಬಣ್ಣಕ್ಕೆ ತಿರುಗಿದವು. ಕೊನೆಗೆ ಬಲಗೈ ಮೊಣಕೈ ಇಡುವ ಜಾಗದಲ್ಲಿ ಪಾಲಿಶ್ ಸವೆದು ಬರೀ ಮರ ಕಂಡಿತು. ಸಣ್ಣಜ್ಜನ ಕೈ ಕೂರುತ್ತಿದ್ದ ಜಾಗ ಅದು. ಅದನ್ನು ಮುಚ್ಚುವ ಮಾತೇ ಇಲ್ಲ.

ಹಳೆ ಪಾಲಿಶ್ ಯಾವುದು ಅಂತ ತಿಳಿಯಲು, ಕಾಣದ ಜಾಗದಲ್ಲಿ ಬೆಂಕಿಕಡ್ಡಿ ತುದಿಯಷ್ಟು ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಆಮೇಲೆ ಯಾರೋ ಹೊಡೆಸಿದ ಹೊಸ ಪಾಲಿಶ್ ಇರಬಹುದು. ಅರಗಿನದಾದರೆ ಒಳ್ಳೆಯ ಸುದ್ದಿ. ಹೊಸ ಪದರ ಹಳೆ ಪದರದ ಜೊತೆ ಕರಗಿ ಸೇರುತ್ತದೆ, ಹೋದ ಜಾಗಕ್ಕೆ ಮಾತ್ರ ಬಟ್ಟೆಯ ಉಂಡೆಯಲ್ಲಿ ತೆಳುವಾಗಿ ಹಚ್ಚಬಹುದು. ಮಳೆಗಾಲದಲ್ಲಿ ಹಚ್ಚಬೇಡಿ, ತೇವ ಸಿಕ್ಕಿ ಬೆಳ್ಳಗಾಗುತ್ತದೆ.

ವಿದ್ಯುತ್ ಸ್ಟೀಲ್ ಗಿಟಾರ್ ಆದರೆ

ಮಲ್ಟಿಮೀಟರ್‌ನಲ್ಲಿ ಪಿಕಪ್ ಅಳೆಯಿರಿ. ಸಾಮಾನ್ಯವಾಗಿ 5ರಿಂದ 10 ಕಿಲೋ ಓಮ್ ಬರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಸುತ್ತಿಸಲು ಓಡಬೇಡಿ. ಎಷ್ಟೋ ಸಲ ಹೊರಗಿನ ಬೆಸುಗೆ ಬಿಟ್ಟಿರುತ್ತದೆ ಅಷ್ಟೆ. ಆ ತಂತಿ ಕೂದಲಿನಷ್ಟೇ ಸಣ್ಣ, ಮೋಟರ್ ವೈಂಡಿಂಗ್ ಅಂಗಡಿಯ ಕೆಲಸ ಅಲ್ಲ. ಪಿಕಪ್ ಹತ್ತಿರ ಸ್ಟೀಲ್ ಉಣ್ಣೆಯಿಂದ ತುಕ್ಕು ಉಜ್ಜಬೇಡಿ, ಅದರ ಪುಡಿ ಅಯಸ್ಕಾಂತಕ್ಕೆ ಅಂಟಿ ಸುರುಳಿಯೊಳಗೆ ಇಳಿಯುತ್ತದೆ.

ಜೊತೆಗೆ ಹಳೆ ವಾಲ್ವ್ ಆಂಪ್ಲಿಫೈಯರ್ ಸಿಕ್ಕಿದರೆ ಪ್ಲಗ್ ಹಾಕಲೇಬೇಡಿ. ಅಮೆರಿಕದ್ದಾದರೆ ಅದು 110-117 ವೋಲ್ಟಿನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಒಳಗೆ 300 ವೋಲ್ಟಿಗೂ ಮೇಲಿರಬಹುದು, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಜೀವಕ್ಕೆ ಅಪಾಯ. ವಾಲ್ವ್ ಕೆಲಸ ಗೊತ್ತಿರುವವರಿಗೇ ಕೊಡಿ.

ಇಡುವುದು

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇಡಿ. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡಿಗೆಗೆ ಬಳಸಬೇಡಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಹಳೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ತೆಗೆದು ನುಡಿಸಿ, ತಂತಿ ಒರೆಸಿ.

ತೆಗೆದ ಭಾಗಗಳ ಡಬ್ಬಿಯನ್ನು ಪೆಟ್ಟಿಗೆಯಲ್ಲೇ ಇಡಿ, ಜೊತೆಗೆ ಒಂದು ಚೀಟಿ. ನನ್ನ ಚೀಟಿಯಲ್ಲಿರುವುದು ಇಷ್ಟು: ಮುಂಭಾಗದ ಸೀಳಿಗೆ ಮರವಜ್ರ, ಒಳಗೆ ಮೂರು ಅಡ್ಡ ತುಂಡು, ನವೆಂಬರ್. ಎರಡು ಅಡ್ಡಪಟ್ಟಿ ಮರು ಅಂಟು. ಒಂದು ಬಿರಡೆ ಹೊಸದು, ಹಳೆಯದು ಡಬ್ಬಿಯಲ್ಲಿ. ಪಾಲಿಶ್ ಮುಟ್ಟಿಲ್ಲ. ಅದರ ಕೆಳಗೆ ಈ ಮಾರ್ಚ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ: ಸೀಳಿಗೆ ಹಾಳೆ ಹಿಡಿದು ನೋಡಿದೆ, ಒಂದೂ ಹೋಗಲಿಲ್ಲ.